ಮೈಸೂರು ಅಂತಿಮ ಪಂದ್ಯಕ್ಕೆ ಬಂದ ವರ್ಷ

ಇಂದಾಪುರವು ಪುಣೆ ಜಿಲ್ಲೆಯ ಮೂಡಲ ಅಂಚಿನ ತಾಲ್ಲೂಕಿನ ಊರು. ಪುಣೆಯಿಂದ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಹೋಗುವವರು ಇಲ್ಲಿ ಚಹಕ್ಕೆಂದು ಇಳಿದಿರಬಹುದು. ಸಮೀಪದಲ್ಲೇ ಭೀಮಾನದಿಗೆ ಉಜನಿ ಅಣೆಕಟ್ಟು ಇದೆ; ಅದೇ ಭೀಮೆ ಮುಂದೆ ಹರಿದು ವಿಜಯಪುರ, ಕಲಬುರ್ಗಿ ಜಿಲ್ಲೆಗಳನ್ನು ಮುಟ್ಟುತ್ತಾಳೆ. ಇಂಥ ಊರಿನಲ್ಲಿ ಉದ್ಯೋಗಕ್ಕೆಂದು ಬಂದು ನೆಲಸಿದ ನಮ್ಮಂಥ ಕನ್ನಡಿಗರಿಗೆ, ರಾಜ್ಯೋತ್ಸವದ ಸಂಚಿಕೆಗೆ ಏನು ಬರೆದು ಕಳಿಸುವುದೆಂಬುದು ವರ್ಷ ವರ್ಷವೂ ಒಂದು ಚಿಂತೆಯೇ. ಈ ಸಲ ಆ ಚಿಂತೆಯನ್ನು ಕಳೆದವರು ನಮ್ಮ ನೆರೆಮನೆಯ ಮಾಸ್ತರರು.

ಮಾಸ್ತರರು ಮರಾಠಿಗರು, ಗಣಿತ ಕಲಿಸಿ ನಿವೃತ್ತರಾದವರು. ಮನೆಯ ಮಕ್ಕಳು ಮೊಮ್ಮಕ್ಕಳ ಹುಟ್ಟಿದ ದಿನವನ್ನು ಮರೆತರೂ ಹಳೆಯ ಕ್ರಿಕೆಟ್ಟಿನ ಅಂಕಿಗಳನ್ನು ಮರೆಯುವ ಪೈಕಿಯಲ್ಲ. ಒಂದು ಸಂಜೆ ಮಾತಿಗೆ ಮಾತು ಬಂದು, ಎರಡನೆಯ ಮಹಾಯುದ್ಧದ ಕಾಲದಲ್ಲಿ ತಮ್ಮ ಮಹಾರಾಷ್ಟ್ರದ ತಂಡವು ಸಾಲಾಗಿ ಎರಡು ವರ್ಷ ರಣಜಿ ಟ್ರೋಫಿ ಗೆದ್ದದ್ದನ್ನು ವರ್ಣಿಸಿದರು. ವರ್ಣಿಸಿ, ನಮ್ಮತ್ತ ತಿರುಗಿ, ನಗುನಗುತ್ತಲೇ ಕೇಳಿದರು: “ತೇವ್ಹಾ ತುಮ್ಚಂ ಮೈಸೂರ ಕುಠೇ ಹೋತಂ?” ಆಗ ನಿಮ್ಮ ಮೈಸೂರು ಎಲ್ಲಿತ್ತು?

ನಮಗೆ ಉತ್ತರ ಹೊಳೆಯಲಿಲ್ಲ. ವಿಶ್ವನಾಥ, ಪ್ರಸನ್ನ, ಚಂದ್ರಶೇಖರರ ಹೆಸರು ಹೇಳುವುದು ಸುಲಭ. ಆದರೆ ಅವರು ಬಹಳ ಮುಂದಿನವರು. ಯುದ್ಧಕಾಲದ ಮೈಸೂರು ತಂಡದ ಬಗ್ಗೆ ನಮಗೆ ಒಂದು ಸಾಲೂ ಗೊತ್ತಿರಲಿಲ್ಲವೆಂದು ಒಪ್ಪಿಕೊಳ್ಳಲು ಈಗ ನಾಚಿಕೆಪಡುವುದಿಲ್ಲ. ಹುಡುಕಿ ಓದಿದ ಮೇಲೆ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಕ್ರಿಕೆಟ್ಟಿನ ತವರಿನಲ್ಲಿ ಆಟ ನಿಂತಿತು. ಇಂಗ್ಲೆಂಡಿನ ಕೌಂಟಿ ಪಂದ್ಯಾವಳಿ 1940ರಿಂದ 1945ರವರೆಗೆ ನಡೆಯಲೇ ಇಲ್ಲ. ಲಂಡನ್ನಿನ ಪ್ರಸಿದ್ಧ ಓವಲ್ ಮೈದಾನವನ್ನು ಯುದ್ಧಕೈದಿಗಳ ಶಿಬಿರಕ್ಕೆಂದು ಬೇಲಿ ಹಾಕಿ ಸಿದ್ಧಪಡಿಸಿದರು. ಆಸ್ಟ್ರೇಲಿಯದವರೂ ಸ್ವಲ್ಪ ತಡವಾಗಿ ತಮ್ಮ ಶೆಫೀಲ್ಡ್ ಷೀಲ್ಡನ್ನು ಎತ್ತಿಟ್ಟರು. ಅಮೆರಿಕದಲ್ಲಿ ಮಾತ್ರ ಬೇರೆಯ ನಿರ್ಣಯವಾಯಿತು. ಅಲ್ಲಿಯ ಜನರ ಪ್ರಾಣವೆನಿಸಿದ ಬೇಸ್‌ಬಾಲ್ ಆಟವನ್ನು ಯುದ್ಧಕಾಲದಲ್ಲಿ ಆಡಬಹುದೇ ಕೂಡದೇ ಎಂದು ಆ ಆಟದ ಮುಖ್ಯಾಧಿಕಾರಿ ಲ್ಯಾಂಡಿಸ್ ಎಂಬುವರು ಅಧ್ಯಕ್ಷ ರೂಸ್‌ವೆಲ್ಟರಿಗೇ ಬರೆದು ಕೇಳಿದರು. 1942ರ ಜನವರಿ 15ರಂದು ಅಧ್ಯಕ್ಷರು ಕೊಟ್ಟ ಉತ್ತರ, ಆಡಬಹುದು ಎಂದು. ದುಡಿದು ದಣಿದ ಜನಕ್ಕೆ ಮನರಂಜನೆ ಬೇಕೆಂಬುದು ಅವರ ವಾದ. ಆದರೆ ಒಳ್ಳೊಳ್ಳೆಯ ಆಟಗಾರರೆಲ್ಲ ಸೈನ್ಯಕ್ಕೆ ಹೋದರು. ಉಳಿದವರಿಂದ ತಂಡ ಕಟ್ಟಬೇಕಾಯಿತು. ಸೇಂಟ್ ಲೂಯಿಸ್ ನಗರದ ಬ್ರೌನ್ಸ್ ಎಂಬ ಬಡಪಾಯಿ ತಂಡ, ಅದುವರೆಗೆ ಎಂದೂ ತನ್ನ ಲೀಗಿನಲ್ಲಿ ಮೊದಲ ಸ್ಥಾನ ಪಡೆಯದಿದ್ದದ್ದು, 1944ರಲ್ಲಿ ಪಡೆಯಿತು. ಮತ್ತೆಂದೂ ಅಲ್ಲಿದ್ದಷ್ಟು ದಿನ ಪಡೆಯಲಿಲ್ಲ. ಮರುವರ್ಷ ಅದೇ ತಂಡದಲ್ಲಿ ಒಂದೇ ಕೈಯುಳ್ಳ ಪೀಟ್ ಗ್ರೇ ಎಂಬಾತ ಆಡಿದನು. ದೊಡ್ಡವರಿಲ್ಲದಾಗ ಸಣ್ಣವರಿಗೆ ಬಾಗಿಲು ತೆರೆಯುತ್ತದೆ.

ನಮ್ಮ ದೇಶದಲ್ಲಿ ರಣಜಿ ಟ್ರೋಫಿ ಒಂದು ವರ್ಷವೂ ತಪ್ಪಲಿಲ್ಲ. ಇದಕ್ಕೆ ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲ. ಇಲ್ಲಿ ಕಡ್ಡಾಯ ಸೈನ್ಯಸೇವೆ ಇರಲಿಲ್ಲ. ಸೈನ್ಯಕ್ಕೆ ಸೇರಿದವರು ಲಕ್ಷಗಟ್ಟಲೆಯಾದರೂ ತಾವಾಗಿ ಸೇರಿದವರು. ಆದ್ದರಿಂದ ಆಟಗಾರರು ಊರಿನಲ್ಲೇ ಉಳಿದರು. ಯುದ್ಧವು ನಮ್ಮ ಹೊಸ್ತಿಲಿಗೆ ಬಂದದ್ದೂ 1942ರಲ್ಲಿ. ವಿದೇಶದಿಂದ ತಂಡಗಳು ಬರುವುದು ನಿಂತಿತಾಗಿ, ಇದ್ದ ಉತ್ಸಾಹವೆಲ್ಲ ಪ್ರಾಂತ ಪ್ರಾಂತಗಳ ನಡುವಿನ ಪಂದ್ಯಗಳ ಮೇಲೆ ಹರಿಯಿತು.

ಆ ಕಾಲದ ಪುಣೆಯ ತಂಡದ ಕಥೆ ನಿಜಕ್ಕೂ ದೊಡ್ಡದು. ಮಾಸ್ತರರು ಹೆಮ್ಮೆಪಟ್ಟುದರಲ್ಲಿ ಏನೂ ತಪ್ಪಿಲ್ಲ. ತಂಡದ ನಾಯಕರು ಪ್ರೊಫೆಸರ್ ದಿನಕರ ಬಳವಂತ ದೇವಧರರು. ಪುಣೆಯ ಎಸ್. ಪಿ. ಕಾಲೇಜಿನಲ್ಲಿ ಸಂಸ್ಕೃತದ ಅಧ್ಯಾಪಕರು. ಹಗಲು ಕಾಳಿದಾಸ, ಸಂಜೆ ದಾಂಡು! ಹುಟ್ಟಿದ್ದು 1892ರಲ್ಲಿ, ಎಂದರೆ ಬೇರೆಯವರು ದಾಂಡನ್ನು ಅಟ್ಟಕ್ಕೆ ಹಾಕುವ ವಯಸ್ಸನ್ನು ದಾಟಿ ಹತ್ತು ವರ್ಷವಾದ ಮೇಲೆ ಅವರು ತಂಡವನ್ನು ಗೆಲುವಿಗೆ ಒಯ್ದರು. 1939-40ರಲ್ಲಿ ಸಾಂಗಲಿಯ ಯುವಕ ವಿಜಯ ಹಜಾರೆ ಪುಣೆಯಲ್ಲಿ ಬರೋಡೆಯ ವಿರುದ್ಧ ಔಟಾಗದೆ 316 ಓಟ ಹೊಡೆದನು. ರಣಜಿ ಟ್ರೋಫಿಯಲ್ಲಿ ಮುನ್ನೂರು ದಾಟಿದ ಮೊದಲಿಗ ಅವನೇ. ಆ ಸಾಲಿನ ಅಂತಿಮ ಪಂದ್ಯದಲ್ಲಿ ಮಹಾರಾಷ್ಟ್ರವು ಸಂಯುಕ್ತ ಪ್ರಾಂತದ ತಂಡವನ್ನು ಹತ್ತು ವಿಕೆಟ್ಟುಗಳಿಂದ ಸೋಲಿಸಿತು. ಸೋತ ಪಕ್ಷದ ಫಿರೋಜ್ ಪಾಲಿಯಾ 216 ಓಟ ಹೊಡೆದರೂ ತಂಡವನ್ನು ಉಳಿಸಲಾಗಲಿಲ್ಲ. ಈ ಪಾಲಿಯಾ ಮುಂದೆ ಬೆಂಗಳೂರಿನಲ್ಲಿ ನೆಲಸಿ ಅಲ್ಲಿಯವರೇ ಆದರು, ಮೈಸೂರಿನ ಪರವಾಗಿಯೂ ಆಡಿದರು ಎಂಬುದನ್ನು ಮಾಸ್ತರರಿಗೆ ಹೇಳಿದಾಗ ಅವರಿಗೆ ಅದು ಹೊಸ ಸಂಗತಿ.

ಮರುವರ್ಷದ್ದು ಇನ್ನೂ ಸ್ವಾರಸ್ಯ. 1940-41ರ ಸಾಲಿನಲ್ಲಿ ಮುಂಬಯಿಯ ತಂಡ ಪುಣೆಗೆ ಬಂದಿತು. ಮಹಾರಾಷ್ಟ್ರ 675, ಮುಂಬಯಿ 650. ಅಂತರ ಇಪ್ಪತ್ತೈದೇ ಓಟ. ಎರಡು ಕಡೆಯವರೂ ಒಂದೊಂದು ಇನ್ನಿಂಗ್ಸು ಆಡುವಷ್ಟರಲ್ಲಿ ದಿನಗಳೆಲ್ಲ ಮುಗಿದುಹೋದವು. ನಲವತ್ತೆಂಟರ ದೇವಧರರು 246 ಓಟ ಹೊಡೆದರು. ಹಿಂದಿನ ವರ್ಷ ಮಹಾರಾಷ್ಟ್ರದ ಪರವಾಗಿ ಆಡಿದ್ದ ರಂಗ್ನೇಕರರು ಈ ಸಲ ಮುಂಬಯಿ ಕಡೆ ಸೇರಿ ಹಳೆಯ ಗೆಳೆಯರ ಮೇಲೆಯೇ 202 ಹೊಡೆದರು. ಇಂಥ ಗೋಪುರದಂಥ ಅಂಕಿಗಳು ಏಕೆ ಬರುತ್ತಿದ್ದವೆಂದು ಇಂದಿನ ಓದುಗರು ಕೇಳಬಹುದು. ಪಂದ್ಯ ಮುಗಿಯದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರೇ ಮುಂದಿನ ಸುತ್ತಿಗೆ ಹೋಗುವರೆಂಬುದು ನಿಯಮ. ಹೀಗಿರಲು ದಾಂಡು ಹಿಡಿದವನಿಗೆ ಅವಸರವೇನು? ನೆಲವೋ, ಪುಣೆ ಮುಂಬಯಿಗಳಲ್ಲಿ ಹಾಸಿಗೆಯಂತೆ ಸಮ. ಚೆಂಡು ಎಸೆಯುವವನ ಗೋಳು ಕೇಳುವವರಿಲ್ಲ. ಅದೇ ಸಾಲಿನಲ್ಲಿ ಉತ್ತರ ಭಾರತದ ತಂಡದ ಮೇಲೆ ಮಹಾರಾಷ್ಟ್ರ 798 ಹೊಡೆಯಿತು. ಕೊನೆಗೆ ಮದರಾಸಿಗೆ ಹೋಗಿ ಮದರಾಸನ್ನು ಆರು ವಿಕೆಟ್ಟುಗಳಿಂದ ಸೋಲಿಸಿ ಎರಡನೆಯ ಸಲ ಟ್ರೋಫಿ ಹಿಡಿದು ಬಂದಿತು.

ಇಲ್ಲಿಯವರೆಗೆ ಮಾಸ್ತರರ ಮಾತು ನಿಜ. ಮುಂದಿನ ವರ್ಷ ಏನಾಯಿತೆಂಬುದೇ ನಮ್ಮ ವಿಷಯ.

ಮೈಸೂರು ಎಲ್ಲಿಂದ ಹೊರಟಿತೆಂಬುದನ್ನು ತಿಳಿಯದೆ 1942ರ ಮಹತ್ವ ತಿಳಿಯುವುದಿಲ್ಲ. ಮೈಸೂರಿನ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷ ರಣಜಿ ಟ್ರೋಫಿ ಆರಂಭವಾದಾಗ ಅದರ ಮೊಟ್ಟಮೊದಲ ಪಂದ್ಯ ಆಡಿದ ಎರಡು ತಂಡಗಳಲ್ಲಿ ಮೈಸೂರು ಒಂದು. ಸ್ಥಳ ಮದರಾಸಿನ ಚೆಪಾಕ್, ತಾರೀಖು 1934ರ ನವೆಂಬರ್ 4. ಮೈಸೂರು 48 ಓಟಕ್ಕೆ ಔಟು. ಮದರಾಸು 130. ಮೈಸೂರು ಮತ್ತೆ 59ಕ್ಕೆ ಔಟು. ಸಂಜೆಯಾಗುವುದರೊಳಗೆ ಎಲ್ಲ ಮುಗಿದುಹೋಯಿತು! ಎ. ಜಿ. ರಾಮಸಿಂಗ್ ಒಬ್ಬರೇ ಹನ್ನೊಂದು ವಿಕೆಟ್ ಕಿತ್ತರು. ಒಂದೇ ದಿನದಲ್ಲಿ ಒಂದು ಇನ್ನಿಂಗ್ಸು ಮತ್ತು 23 ಓಟಗಳ ಸೋಲು: ಇದು ನಮ್ಮ ನಾಂದಿ. ಪುಣೆಯಲ್ಲಿ ಒಬ್ಬೊಬ್ಬರೇ ಹೊಡೆಯುತ್ತಿದ್ದ ಓಟದ ಅರ್ಧದಷ್ಟನ್ನೂ ಆ ದಿನ ನಮ್ಮ ಹನ್ನೊಂದು ಜನ ಎರಡು ಸಲ ಆಡಿ ಹೊಡೆಯಲಿಲ್ಲ.

ಹಣದ ಮಾತನ್ನೂ ಹೇಳಬೇಕು. ಅಮೆರಿಕದ ಬೇಸ್‌ಬಾಲ್ ಆಟಗಾರನಿಗೆ ಆಟವೇ ಉದ್ಯೋಗ, ಸಂಬಳ ಆಟಕ್ಕೇ. ನಮ್ಮಲ್ಲಿ ಅಂಥದು ಇರಲಿಲ್ಲವೆಂದು ಹೇಳುವುದು ರೂಢಿ. ಆದರೆ ಸಂಸ್ಥಾನಗಳಲ್ಲಿ ಅದು ಬೇರೆ ವೇಷದಲ್ಲಿ ಇದ್ದೇ ಇತ್ತು. ಇಂದೂರಿನ ಹೋಳ್ಕರ ಮಹಾರಾಜರು ಸಿ. ಕೆ. ನಾಯುಡು ಅವರಿಗೆ ತಮ್ಮ ಸೈನ್ಯದಲ್ಲಿ ಹುದ್ದೆ ಕೊಟ್ಟಿದ್ದರು. ಹಜಾರೆಯವರು ದೇವಾಸದ ಆಶ್ರಯ ಪಡೆದು, 1941ರಿಂದ ಬರೋಡೆಯ ಪರವಾಗಿ ಆಡತೊಡಗಿದರು. ಯಾವ ಬರೋಡೆಯನ್ನು 316 ಓಟದಿಂದ ಬಡಿದರೋ ಅದೇ ಬರೋಡೆ! ಮಹಾರಾಷ್ಟ್ರದ ಪಟ್ಟ ಜಾರಿದ್ದೂ, ಎರಡು ವರ್ಷಗಳೊಳಗೆ, 1942-43ರಲ್ಲಿ, ಬರೋಡೆ ಟ್ರೋಫಿ ಗೆದ್ದದ್ದೂ ಇದಕ್ಕೆ ಸಂಬಂಧಿಸಿದ್ದೇ ಎಂದು ನಮ್ಮ ಅಭಿಪ್ರಾಯ. ಮೈಸೂರು ದೊಡ್ಡ ಸಂಸ್ಥಾನವೇ. ಅರಮನೆಗೆ ಕ್ರಿಕೆಟ್ಟಿನ ಮೇಲೆ ಪ್ರೀತಿಯೂ ಇತ್ತು. ಆದರೆ ಹೊರಗಿನ ಹೆಸರಾಂತ ಆಟಗಾರರನ್ನು ಸಂಬಳಕ್ಕೆ ತಂದು ತುಂಬಿಕೊಳ್ಳುವ ಆ ಪದ್ಧತಿ ಇಂದೂರು, ಬರೋಡೆಗಳ ಮಟ್ಟಕ್ಕೆ ನಮ್ಮಲ್ಲಿ ಬೆಳೆಯಲಿಲ್ಲ. ಮೈಸೂರಿನ ತಂಡವೆಂದರೆ ಬಹುಮಟ್ಟಿಗೆ ಬೆಂಗಳೂರಿನ ಕಾಲೇಜು ಮತ್ತು ಕ್ಲಬ್ಬುಗಳಲ್ಲಿ ಬೆಳೆದವರ ತಂಡ. ಸಫಿ ದಾರಾಶಾ ಅವರಿದ್ದರು. ಎಂ. ಜಿ. ವಿಜಯಸಾರಥಿ ಆಡುತ್ತಿದ್ದರು, ಮುಂದೆ ಅವರು ಟೆಸ್ಟ್ ಪಂದ್ಯಗಳ ಅಂಪೈರಾಗಿ ಹೆಸರಾದರು, ಅವರ ಮಗ ನಾಗೇಂದ್ರರೂ ಅದೇ ದಾರಿ ಹಿಡಿದರು. ಬಿ. ಕೆ. ಗರುಡಾಚಾರ್ ಇದ್ದರು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಓದಿದ ಇವರು ಚೆಂಡನ್ನು ತಿರುಗಿಸಿ ಎಸೆಯುವುದರಲ್ಲಿಯೂ ದಾಂಡು ಬೀಸುವುದರಲ್ಲಿಯೂ ಸಮಾನ ಗಟ್ಟಿಗರು.

1941-42ರ ಸಾಲಿನಲ್ಲಿ ಈ ತಂಡ ದಕ್ಷಿಣ ವಲಯವನ್ನು ಗೆದ್ದಿತು. ಹಿಂದಿನ ವರ್ಷ ಅದೇ ವಲಯದಿಂದ ಹೋಗಿ ಅಂತಿಮ ಪಂದ್ಯ ಆಡಿದ್ದು ಮದರಾಸು. ಎಂಟು ವರ್ಷದ ಹಿಂದೆ ಮೈಸೂರನ್ನು ಒಂದೇ ಹಗಲಿನಲ್ಲಿ ಮುಗಿಸಿದ ಮದರಾಸು! ಈಗ ಅದರ ಜಾಗದಲ್ಲಿ ಮೈಸೂರು. ಉಪಾಂತ್ಯವನ್ನೂ ದಾಟಿ, ಮೊಟ್ಟಮೊದಲ ಬಾರಿಗೆ ಅಂತಿಮ ಪಂದ್ಯಕ್ಕೆ ಬಂದಿತು.

ಕಾಲ ಎಂಥದೆಂಬುದನ್ನು ಸ್ವಲ್ಪ ನೆನೆಯೋಣ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಎರಡು ವರ್ಷ ತುಂಬಿರಲಿಲ್ಲ. 1942ರ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರ ಕೈಸೇರಿತು. ಮಾರ್ಚಿ 8ರಂದು ರಂಗೂನು. ಬರ್ಮದಿಂದ ನಮ್ಮವರು ನಡೆದುಕೊಂಡು ಬರುತ್ತಿದ್ದರು. ಬೆಂಗಳೂರು ದೊಡ್ಡ ಸೈನಿಕ ಠಾಣೆಯಾಯಿತು. ಇಟಲಿಯ ಯುದ್ಧಕೈದಿಗಳನ್ನು ತಂದು ಅಲ್ಲಿಯ ಶಿಬಿರಗಳಲ್ಲಿ ಇಟ್ಟಿದ್ದರು. ವಿಮಾನದ ಕಾರ್ಖಾನೆಯೂ ಅಲ್ಲಿ ಎದ್ದಿತ್ತು. ಈ ಕಾರ್ಖಾನೆಯ ಮಾತು ಬಂದಾಗ ಇಂದಾಪುರದ ನಾವು ಸುಮ್ಮನಿರಲಾರೆವು: 1940ರ ಡಿಸೆಂಬರಿನಲ್ಲಿ ಮೈಸೂರು ಸರಕಾರದೊಡನೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟನ್ನು ಸ್ಥಾಪಿಸಿದ ವಾಲಚಂದ ಹೀರಾಚಂದರೇ ನಮ್ಮ ತಾಲ್ಲೂಕಿನ ವಾಲಚಂದನಗರವನ್ನೂ ಅಲ್ಲಿಯ ಸಕ್ಕರೆ ಕಾರ್ಖಾನೆಯನ್ನೂ ಕಟ್ಟಿದವರು. ಕಬ್ಬಿನ ಗದ್ದೆಗೂ ಬೆಂಗಳೂರಿನ ವಿಮಾನಕ್ಕೂ ಒಂದೇ ಕೈ. 1942ರಲ್ಲಿ ಆ ವಿಮಾನ ಕಾರ್ಖಾನೆಯ ಆಡಳಿತವನ್ನು ಭಾರತ ಸರಕಾರ ತೆಗೆದುಕೊಂಡಿತು.

ಇಂಥ ದಿನಗಳಲ್ಲಿ ಅಂತಿಮ ಪಂದ್ಯ ನಡೆದದ್ದು ಮುಂಬಯಿಯ ಬ್ರಬೋರ್ನ್ ಸ್ಟೇಡಿಯಮ್ಮಿನಲ್ಲಿ. ಆಗ ಬೆಂಗಳೂರಿನಿಂದ ಮುಂಬಯಿಗೆ ಹೋಗುವ ದಾರಿಯೆಂದರೆ ಹುಬ್ಬಳ್ಳಿ, ಬೆಳಗಾವಿ, ಮೀರಜಗಳ ಮೇಲೆ ಸಣ್ಣ ಹಳಿಯ ಗಾಡಿಯಲ್ಲಿ ಪುಣೆಗೆ ಬಂದು, ಪುಣೆಯಲ್ಲಿ ದೊಡ್ಡ ಹಳಿಯ ಗಾಡಿ ಹತ್ತುವುದು. ಆ ದಾರಿಯಲ್ಲಿ ಓಡಾಡಿದ ಹಿರಿಯರಿಗೆ ಪುಣೆಯ ಪ್ಲಾಟ್‌ಫಾರಮ್ಮಿನಲ್ಲಿ ಹಾಸಿಗೆ ಸುರುಳಿ ಹೊತ್ತು ಓಡಿದ ನೆನಪು ಇಂದಿಗೂ ಮಾಸುವುದಿಲ್ಲ.

ಎದುರಾಳಿ ಮುಂಬಯಿ. ನಾಯಕ ವಿಜಯ ಮರ್ಚಂಟ್. ಮಹಾರಾಷ್ಟ್ರದಿಂದ ಪಶ್ಚಿಮ ವಲಯವನ್ನು ಕಸಿದುಕೊಂಡು ಬಂದ ತಂಡ. ಅಂಕಿಗಳನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮುಂಬಯಿ ಒಂಬತ್ತು ವಿಕೆಟ್ಟಿಗೆ 506 ಓಟ ಹೊಡೆದು ಡಿಕ್ಲೇರ್ ಮಾಡಿತು. ಮೈಸೂರು 68ಕ್ಕೆ ಔಟು. ಮತ್ತೆ ಆಡಿ 157ಕ್ಕೆ ಔಟು. ಒಂದು ಇನ್ನಿಂಗ್ಸು ಮತ್ತು 281 ಓಟಗಳ ಸೋಲು.

ಈ ಅಂಕಿಗಳನ್ನು ಓದಿದಾಗ ಮೊದಲು ನಮಗೂ ಕಾಗದವನ್ನು ಮಡಿಸಿಡೋಣ ಎನಿಸಿತು. ಮಾಸ್ತರರ ಮುಂದೆ ಇದನ್ನು ಹೇಳುವುದು ಹೇಗೆ? ಆದರೆ ಸ್ವಲ್ಪ ಯೋಚಿಸಿದ ಮೇಲೆ ಬೇರೆ ಕಂಡಿತು. ಆ ಕಾಲದಲ್ಲಿ ಪುಣೆ, ಮುಂಬಯಿಗಳ ಆಟದ ಅಳತೆಯೇ ಬೇರೆಯಾಗಿತ್ತು. ಐನೂರು, ಆರುನೂರು ಎಂಬುದು ಅಲ್ಲಿಯ ದಿನಬಳಕೆ. ನಾಲ್ಕು ದಿಕ್ಕಿನ ತಂಡಗಳಲ್ಲಿ ಎರಡು ಮನೆಗೆ ಹೋಗಿ ಕುಳಿತಿದ್ದವು. ಬ್ರಬೋರ್ನಿನಲ್ಲಿ ನಿಂತು ಸೋಲುವ ಹಕ್ಕು ಮೈಸೂರೊಂದಕ್ಕೇ ಉಳಿದಿತ್ತು. ಮದರಾಸಿನ 48ರಿಂದ ಅಲ್ಲಿಯವರೆಗೆ ಬರಲು ಎಂಟು ವರ್ಷ ಹಿಡಿಯಿತು. ಅಲ್ಲಿಂದ ಟ್ರೋಫಿಯವರೆಗೆ ಹೋಗಲು ಇನ್ನೂ ಮೂವತ್ತೆರಡು.

ಯುದ್ಧಕಾಲದಲ್ಲಿ ಆಡಿದ್ದು ಸರಿಯೇ ಎಂಬ ಪ್ರಶ್ನೆ ಉಂಟು. ಅದನ್ನು ಆಗಿನವರೇ ಕೇಳಿದ್ದರು. 1940ರ ಡಿಸೆಂಬರಿನಲ್ಲಿ ಮುಂಬಯಿಯ ಹಿಂದೂ ಜಿಮಖಾನಾದ ಕೆಲವರು ವಾರ್ಧಾಕ್ಕೆ ಹೋಗಿ ಗಾಂಧೀಜಿಯವರನ್ನು ಕಂಡರು. ಮುಂಬಯಿಯಲ್ಲಿ ನಡೆಯುತ್ತಿದ್ದ ಪೆಂಟ್ಯಾಂಗ್ಯುಲರ್ ಪಂದ್ಯಗಳಲ್ಲಿ ಹಿಂದೂ, ಮುಸ್ಲಿಮ್, ಪಾರ್ಸಿ, ಯುರೋಪಿಯನ್, ಇತರರು ಎಂದು ಮತದ ಮೇಲೆ ತಂಡ ಕಟ್ಟುತ್ತಿದ್ದರು. ಜಗತ್ತೇ ಶೋಕದಲ್ಲಿರುವಾಗ ಈ ಪಂದ್ಯಗಳು ಬೇಡ, ಅದರಲ್ಲಿಯೂ ಮತದ ಮೇಲಿನ ತಂಡಗಳು ಎಂದಿಗೂ ಬೇಡ ಎಂಬುದು ಗಾಂಧೀಜಿಯವರ ಅಭಿಪ್ರಾಯ. ಆ ವರ್ಷ ಹಿಂದೂ ತಂಡ ಹಿಂದೆಗೆಯಿತು. 1942ರಲ್ಲಿ, ಚಲೇಜಾವ್ ಚಳುವಳಿಯ ವರ್ಷ, ಆ ಪಂದ್ಯಾವಳಿ ನಡೆಯಲೇ ಇಲ್ಲ. ರಣಜಿ ಟ್ರೋಫಿಗೆ ಆ ಮತದ ಕಳಂಕವಿರಲಿಲ್ಲ. ಮೈಸೂರಿನ ತಂಡದಲ್ಲಿ ಪಾರ್ಸಿಯೂ ಬ್ರಾಹ್ಮಣನೂ ಒಂದೇ ಊರಿನ ಹೆಸರಿನಲ್ಲಿ ಆಡುತ್ತಿದ್ದರು. ಆದರೂ ಮನಸ್ಸು ಪೂರ್ಣ ಒಪ್ಪುವುದಿಲ್ಲ. ದೇವಧರರು 246 ಹೊಡೆದ ಅದೇ ಪುಣೆಯಲ್ಲಿ 1942ರ ಆಗಸ್ಟಿನಿಂದ ಗಾಂಧೀಜಿ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದರು. ಮಹಾದೇವ ದೇಸಾಯಿಯವರೂ ಕಸ್ತೂರಬಾ ಅವರೂ ಅಲ್ಲಿಯೇ ಕಣ್ಣುಮುಚ್ಚಿದರು. ಶಿವಮೊಗ್ಗ ಜಿಲ್ಲೆಯ ಈಸೂರಿನಲ್ಲಿ ಸ್ವಾತಂತ್ರ್ಯ ಸಾರಿದವರಲ್ಲಿ ಐವರನ್ನು 1943ರಲ್ಲಿ ಗಲ್ಲಿಗೇರಿಸಿದರು. ಬಂಗಾಳದಲ್ಲಿ ಅದೇ ವರ್ಷ ಲಕ್ಷಗಟ್ಟಲೆ ಜನ ಹಸಿದು ಸತ್ತರು. ಆ 1943-44ರ ಸಾಲಿನ ರಣಜಿ ಅಂತಿಮ ಪಂದ್ಯವನ್ನು ಆಡಿ ಸೋತ ತಂಡ ಯಾವುದು ಬಲ್ಲಿರಾ? ಬಂಗಾಳ. ಆಡಿದವರನ್ನು ದೂರುವ ಎದೆ ನಮಗಿಲ್ಲ, ಹೊಗಳುವುದೂ ಕಷ್ಟ.

ಯುದ್ಧ ಮುಗಿದ ಮೊದಲ ವರ್ಷದಲ್ಲಿ, 1946ರ ಮಾರ್ಚಿಯಲ್ಲಿ, ಮೈಸೂರು ಮತ್ತೊಮ್ಮೆ ಉಪಾಂತ್ಯಕ್ಕೆ ಬಂದಿತು. ಇಂದೂರಿನಲ್ಲಿ ಹೋಳ್ಕರ ತಂಡದೊಡನೆ ಆಟ. ಹೋಳ್ಕರರು ಎಂಟು ವಿಕೆಟ್ಟಿಗೆ 912 ಹೊಡೆದರು. ಆರು ಜನ ಶತಕ ಬಾರಿಸಿದರು: ಭಂಡಾರಕರ್, ಸರವಟೆ, ಜಗದಾಳೆ, ಐವತ್ತು ತುಂಬಿದ ಸಿ. ಕೆ. ನಾಯುಡು, ನಿಂಬಾಳಕರ್, ಪ್ರತಾಪಸಿಂಗ್. ಮೊದಲು ಹೇಳಿದ ಸಂಸ್ಥಾನದ ಆಶ್ರಯದ ಫಲವನ್ನು ಇಲ್ಲಿ ಕಣ್ಣಾರೆ ಕಾಣಬಹುದು. ಗರುಡಾಚಾರರು ಅಂದು 69 ಓವರು ಎಸೆದು 301 ಓಟ ಕೊಟ್ಟು ನಾಲ್ಕು ವಿಕೆಟ್ ಪಡೆದರು. ಒಂದೇ ಇನ್ನಿಂಗ್ಸಿನಲ್ಲಿ ಮುನ್ನೂರು ಓಟ ಕೊಟ್ಟ ಬೌಲರುಗಳು ಜಗತ್ತಿನಲ್ಲಿಯೇ ಬೆರಳೆಣಿಕೆಯವರು. ಇದನ್ನು ನಗೆಯ ಸಂಗತಿಯಾಗಿ ಹೇಳುವವರಿದ್ದಾರೆ. ನಾವು ಬೇರೆ ಲೆಕ್ಕ ಹಾಕುತ್ತೇವೆ: ನಾಯಕನು ಅರವತ್ತೊಂಬತ್ತನೆಯ ಓವರಿಗೂ ಚೆಂಡನ್ನು ಅವರ ಕೈಗೇ ಕೊಟ್ಟನೆಂದರೆ, ಅವರು ಬೇಡವೆನ್ನಲಿಲ್ಲವೆಂದೇ ಅರ್ಥ. ಮೈಸೂರು ಮೊದಲು 190ಕ್ಕೆ ಕುಸಿಯಿತು. ಎರಡನೆಯ ಸಲ, ಸೋಲು ನಿಶ್ಚಯವಾದ ಮೇಲೆ, 509 ಓಟ ಹೊಡೆಯಿತು. ಅದರಲ್ಲಿ 164 ಓಟ ಗರುಡಾಚಾರರದು. ಅಷ್ಟು ಎಸೆದು ದಣಿದ ತೋಳಿನಲ್ಲಿ! ಅವರು ತೊಂಬತ್ತೊಂಬತ್ತು ವರ್ಷ ಬಾಳಿ 2016ರಲ್ಲಿ ತೀರಿಕೊಂಡರು. ಪುಣೆಯ ದೇವಧರರು ನೂರು ದಾಟಿ 1993ರವರೆಗೆ ಇದ್ದರು. ಆ ಕಾಲದ ಆಟಗಾರರಿಗೆ ಇನ್ನಿಂಗ್ಸನ್ನು ಬೇಗ ಮುಗಿಸುವ ಅಭ್ಯಾಸವೇ ಇರಲಿಲ್ಲವೆಂದು ತೋರುತ್ತದೆ.

ಮುಂದಿನದು ಎಲ್ಲರೂ ಬಲ್ಲ ಕಥೆ. ಎರಡೇ ಮಾತು ಸಾಕು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಯಿತು. ತಂಡದ ಹೆಸರೂ ಹಾಗೆಯೇ ಬದಲಾಯಿತು. ಆ ಹೊಸ ಹೆಸರಿನಲ್ಲಿ ಆಡಿದ ಮೊದಲ ಸಾಲಿನಲ್ಲಿಯೇ, ಪ್ರಸನ್ನರ ನಾಯಕತ್ವದಲ್ಲಿ, ಸತತ ಹದಿನೈದು ವರ್ಷ ಟ್ರೋಫಿ ಬಿಟ್ಟುಕೊಡದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ತಡೆದರು. ವಿಶ್ವನಾಥರ 162 ಓಟ ಅಂದಿನದೇ. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಬಾರಿ ಟ್ರೋಫಿ ತಂದರು.

ಇಷ್ಟನ್ನೂ ಬರೆದುಕೊಂಡು ಒಂದು ಭಾನುವಾರ ಮಾಸ್ತರರ ಮನೆಗೆ ಹೋದೆವು. ಅವರ ಪ್ರಶ್ನೆಗೆ ಉತ್ತರ ತಂದಿದ್ದೇವೆ ಎಂದೆವು: “ಗುರುಜೀ, ಆಗ ಮೈಸೂರು ಮುಂಬಯಿಯಲ್ಲಿತ್ತು, ಅಂತಿಮ ಪಂದ್ಯ ಆಡುತ್ತಿತ್ತು.” ಅಂಕಿಗಳನ್ನು ಹೇಳಿದೆವು. ಅವರು ನಗಲಿಲ್ಲ. ಜೇಬಿನಿಂದ ಪೆನ್ಸಿಲು ತೆಗೆದು, ಪತ್ರಿಕೆಯ ಅಂಚಿನ ಮೇಲೆ 506 ಎಂದು ಬರೆದು, ಅದರ ಕೆಳಗೆ 68, ಅದರ ಕೆಳಗೆ 157 ಬರೆದು, ಕೂಡಿ ಕಳೆದು ನೋಡಿದರು. “281. ಬರೋಬರ್ ಆಹೇ,” ಎಂದರು. ಆಮೇಲೆ ಒಳಗೆ ಕೂಗಿ ಎರಡು ಲೋಟ ಚಹ ತರಿಸಿ, ಗರುಡಾಚಾರರದನ್ನು ಇನ್ನೊಮ್ಮೆ ಹೇಳಿರಿ ಎಂದರು.